ತಂಗಿ ಶಾಲೆಗೆ ಹೋಗದ ವರ್ಷಗಳು

ನನ್ನ ತಂಗಿ ಮೂರನೇ ತರಗತಿಯಲ್ಲಿದ್ದಾಗ, ಮಳೆಗಾಲ ಮುಗಿಯುತ್ತ ಬಂದ ಹೊತ್ತಿಗೆ, ಒಂದು ಬೆಳಿಗ್ಗೆ ಎದ್ದು ನಿಲ್ಲಲಾಗದೆ ಚಾಪೆಯ ಮೇಲೇ ಕುಳಿತು ಅಳತೊಡಗಿದಳು. ಮೊಣಕಾಲು ಬಾತುಕೊಂಡಿತ್ತು. ಅಜ್ಜಿ ಎಣ್ಣೆ ಬಿಸಿ ಮಾಡಿ ಹಚ್ಚಿದಳು. ಮೊಣಕಾಲಿನ ಬಾವು ಇಳಿಯಿತು, ಆದರೆ ನೋವು ಕೈಗಂಟಿಗೆ ಬಂತು. ಅದಕ್ಕೆ ಕೆಲವು ವಾರ ಮೊದಲು ಅವಳಿಗೆ ಗಂಟಲು ನೋವು, ಜ್ವರ ಬಂದು ಹೋಗಿತ್ತು. ನಾವದನ್ನು ದೊಡ್ಡದು ಮಾಡಿರಲಿಲ್ಲ. ಕುಂದಾಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪಯ್ಯನನ್ನು ಹೊರಗೆ ಕರೆದು, ಇದು ಹೃದಯಕ್ಕೆ ಏರುವ ಜಾತಿಯ ಜ್ವರ, ಮಗು ಒಂದು ವರ್ಷ ಓಡಬಾರದು, ಗುಡ್ಡ ಹತ್ತಬಾರದು, ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ತಪ್ಪಿಸಬಾರದು ಎಂದರು.

ನಮ್ಮೂರು ನಾವುಂದ. ಹೆದ್ದಾರಿಯ ಪಕ್ಕದಲ್ಲಿ ಅಪ್ಪಯ್ಯನ ಜಿನಸಿ ಅಂಗಡಿ, ಅದರ ಹಿಂದೆ ಗದ್ದೆ, ಗದ್ದೆಯಂಚಿಗೆ ಮನೆ. ಶಾಲೆಗೆ ಹೋಗಬೇಕಾದರೆ ಮಳೆನೀರು ಹರಿಯುವ ತೋಡು ದಾಟಬೇಕು. ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ನಡೆದು, ಆಚೆ ಬದಿಯ ಗುಡ್ಡ ಹತ್ತಿದರೆ ಶಾಲೆ. ಡಾಕ್ಟರು ಬೇಡವೆಂದದ್ದೆಲ್ಲ ಆ ಒಂದು ದಾರಿಯಲ್ಲೇ ಇತ್ತು. ಹಾಗಾಗಿ ತಂಗಿ ಮನೆಯಲ್ಲಿ ಉಳಿದಳು. ಆಗ ನಾನು ಆರನೇ ತರಗತಿ. ಮನೆಶಿಕ್ಷಣ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಎಂದಷ್ಟೇ ಎಲ್ಲರೂ ಅಂದುಕೊಂಡಿದ್ದೆವು.

ಅಮ್ಮ ಶಂಕರನಾರಾಯಣ ಎಂಬ ಊರಿನವಳು. ಪಿಯುಸಿ ಮುಗಿಸಿ, ಮುಂದೆ ಓದುವ ಆಸೆಯಿದ್ದಾಗಲೇ ಮದುವೆಯಾಗಿ ನಾವುಂದಕ್ಕೆ ಬಂದವಳು. ಶುರುವಿನಲ್ಲಿ ಅವಳು ತಂಗಿಗೆ ಶಾಲೆಯ ಹಾಗೆಯೇ ಪಾಠ ಮಾಡಲು ಹೊರಟಳು. ಬೆಳಿಗ್ಗೆ ಗಣಿತ, ಆಮೇಲೆ ಕನ್ನಡ, ಊಟದ ನಂತರ ಪರಿಸರ. ಆದರೆ ಗಣಿತದ ಹೊತ್ತಿಗೆ ಹಾಲು ಉಕ್ಕುತ್ತಿತ್ತು, ಕನ್ನಡದ ಹೊತ್ತಿಗೆ ಕೊಟ್ಟಿಗೆಯಲ್ಲಿ ದನ ಕೂಗುತ್ತಿತ್ತು. ವೇಳಾಪಟ್ಟಿ ಒಂದು ವಾರವೂ ಬಾಳಲಿಲ್ಲ. ಪಾಠ ಅಡುಗೆಮನೆಗೆ ಬಂತು. ಅಮ್ಮ ತೆಂಗಿನಕಾಯಿ ತುರಿಯುತ್ತ ಕೇಳುವುದು, ತಂಗಿ ಗೋಡೆಗೊರಗಿ ಕಾಲು ಚಾಚಿ ಕುಳಿತು ಓದುವುದು.

ಓದಲು ಪುಸ್ತಕ ಸಾಲದೆ ಬಂದಾಗ ತಂಗಿ ಅಪ್ಪಯ್ಯನ ಅಂಗಡಿಯ ಹಳೆ ಪೇಪರಿಗೆ ಕೈ ಹಾಕಿದಳು. ಪೊಟ್ಟಣ ಕಟ್ಟಲೆಂದು ಕಿಲೋ ಲೆಕ್ಕದಲ್ಲಿ ತಂದ ಪೇಪರು ಅದು. ಕೆಲವು ತಿಂಗಳ ಹಿಂದಿನದು, ಕೆಲವು ವರ್ಷದ ಹಿಂದಿನದು. ತಂಗಿಗೆ ಎಲ್ಲವೂ ಹೊಸ ಸುದ್ದಿಯೇ. ಸಂಜೆ ಅಪ್ಪಯ್ಯ ಬಂದ ಕೂಡಲೇ, ಭಾರತ ಕ್ರಿಕೆಟ್‌ನಲ್ಲಿ ಗೆದ್ದಿತು ಎಂದೋ, ಎಲ್ಲೋ ಭೂಕಂಪವಾಯಿತು ಎಂದೋ ವರದಿ ಒಪ್ಪಿಸುತ್ತಿದ್ದಳು. ಅಪ್ಪಯ್ಯ ಒಮ್ಮೆಯೂ ಅದು ಹಳತು ಎನ್ನಲಿಲ್ಲ. ಹೌದಾ, ಯಾರು ಎಷ್ಟು ಹೊಡೆದರು ಎಂದು ವಿಚಾರಿಸುತ್ತ ಕಾಲು ತೊಳೆಯುತ್ತಿದ್ದರು. ಕ್ರಮೇಣ ಅಂಗಡಿಯಲ್ಲಿ ಹೊಸ ಕಟ್ಟು ಬಿಚ್ಚಿದರೆ ಚಂದದ ಹಾಳೆಗಳನ್ನು ಅವರೇ ಬೇರೆ ತೆಗೆದಿಡತೊಡಗಿದರು. ಬೆಲ್ಲದ ಅಂಟು ತಾಗಿದ ಹಾಳೆಗೆ ಇರುವೆ ಮುತ್ತುತ್ತದೆಂದು ಅಜ್ಜಿಯ ಬೈಗುಳ ಬೇರೆ.

ಅಜ್ಜಿ ಎಂದರೆ ಅಪ್ಪಯ್ಯನನ್ನು ಹೆತ್ತ ಅಬ್ಬಿ. ಮರದ ಮಣೆಯ ಗುಳಿಗಳಿಗೆ ಕಾಯಿ ಹಂಚುತ್ತ ಆಡುವ ಚೆನ್ನೆಮಣೆ ಎಂದರೆ ಅವಳಿಗೆ ಹುಚ್ಚು. ಆಷಾಢ ಕಳೆದ ಮೇಲೆ ಚೆನ್ನೆಮಣೆ ಮುಟ್ಟಬಾರದು ಎಂಬ ನಿಯಮ ಅವಳದೇ. ಕಾಯಿಲೆಯ ಮಗುವಿಗೆ ಬೇಸರವಾಗುತ್ತದೆಂಬ ನೆಪದಲ್ಲಿ ಅದನ್ನು ಅವಳೇ ಮುರಿದಳು. ಅಟ್ಟದಿಂದ ಮಣೆ ಇಳಿಯಿತು. ಅಜ್ಜಿ ಕಾಯಿ ಹಂಚುವಾಗ ಕಳ್ಳಾಟ ಆಡುತ್ತಿದ್ದಳು. ಒಂದು ಗುಳಿಗೆ ಎರಡು ಕಾಯಿ ಬೀಳಿಸುವುದು, ಸೆರಗು ಸರಿಮಾಡುವ ನೆಪದಲ್ಲಿ ಒಂದನ್ನು ಹಾರಿಸುವುದು. ತಂಗಿ ಮೊದಮೊದಲು ಸೋತು ಅತ್ತಳು. ಆಮೇಲೆ ಪ್ರತಿ ಗುಳಿಯಲ್ಲಿ ಎಷ್ಟಿದೆಯೆಂದು ಮನಸ್ಸಿನಲ್ಲೇ ಲೆಕ್ಕವಿಡಲು ಕಲಿತು, ಅಜ್ಜಿಯ ಕೈ ಹಿಡಿದಳು. ಆ ದಿನ ನಾನು ಶಾಲೆಯಿಂದ ಬಂದು ಅಂಗಳದಲ್ಲಿ ನಿಂತಾಗ ಒಳಗಿಂದ ಮೂವರ ನಗು ಕೇಳಿಸಿತು. ಅಜ್ಜಿ ಕೆಮ್ಮು ಬರುವಷ್ಟು ನಗುತ್ತಿದ್ದಳು. ನನಗೆ ಆ ನಗುವಿನ ಮೇಲೆ ಸಿಟ್ಟು ಬಂತು. ದಿನವಿಡೀ ಇವರು ಹೀಗೆಯೇ ಇರುತ್ತಾರೆ, ನಾನೊಬ್ಬಳು ಮಗ್ಗಿ ಕಿರುಚಿ ಬರುತ್ತೇನೆ ಎನಿಸಿತು.

ಆ ಶಾಲಾ ವರ್ಷ ಕಳೆಯಿತು. ತಂಗಿ ಕುಂದಾಪುರದ ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹೋಗಿ, ಇಂಜೆಕ್ಷನ್ ಚುಚ್ಚಿಸಿಕೊಂಡು, ಹೋಟೆಲಿನಲ್ಲಿ ಬನ್ಸ್ ತಿಂದು ಬರುವುದು ರೂಢಿಯಾಗಿತ್ತು. ಇನ್ನು ಶಾಲೆಗೆ ಕಳಿಸಬಹುದು ಎಂದರು ಡಾಕ್ಟರು. ಇಂಜೆಕ್ಷನ್ ಮಾತ್ರ ಮುಂದುವರಿಯಬೇಕು. ಜೂನ್ ಬಂತು. ಅಪ್ಪಯ್ಯ ಹೊಸ ಯೂನಿಫಾರ್ಮಿನ ಬಟ್ಟೆ ತಂದರು. ಅಮ್ಮ ಅದನ್ನು ದರ್ಜಿಗೆ ಕೊಡಲಿಲ್ಲ. ಕೇಳಿದರೆ ನಾಳೆ, ನಾಡಿದ್ದು ಎಂದಳು. ಕೊನೆಗೆ ಒಂದು ರಾತ್ರಿ ಊಟಕ್ಕೆ ಬಡಿಸುತ್ತ, ಇವಳನ್ನು ಇನ್ನೊಂದು ವರ್ಷ ನಾನೇ ಓದಿಸುತ್ತೇನೆ ಎಂದಳು. ಅಪ್ಪಯ್ಯ ತುತ್ತು ನಿಲ್ಲಿಸಿ ಅವಳ ಮುಖ ನೋಡಿದರು. ಅಮ್ಮ ಹಾಗೆ ತನಗಾಗಿ ಏನನ್ನೂ ಕೇಳಿದವಳಲ್ಲ. ಅಜ್ಜಿಯೇ ವಿರೋಧಿಸಿದಳು. ಊರಿನವರು ಈ ಮಗುವಿಗೆ ಏನೋ ದೊಡ್ಡ ರೋಗ ಎನ್ನುತ್ತಾರೆ, ನಾಳೆ ಮದುವೆಗೆ ಕಷ್ಟ ಎಂದಳು. ಹಾಗೆಂದವಳು ಮರುದಿನ ಮಧ್ಯಾಹ್ನ ಯಾರೂ ಕರೆಯದೆ ತಾನೇ ಚೆನ್ನೆಮಣೆ ತೆಗೆದಿಟ್ಟುಕೊಂಡು ಕುಳಿತಿದ್ದಳು.

ಹೆಡ್‌ಮಾಷ್ಟ್ರು ವಿಷಯ ತಿಳಿದು ಮನೆಗೆ ಬಂದರು. ಬೈಯುತ್ತಾರೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಬೈಯಲಿಲ್ಲ. ತಂಗಿಯನ್ನು ಹತ್ತಿರ ಕರೆದು ಏನೇನೋ ಓದಿಸಿದರು, ಲೆಕ್ಕ ಕೇಳಿದರು. ಭಾಗಾಕಾರದಲ್ಲಿ ಅವಳು ತಪ್ಪಿದಳು. ಓದುವುದರಲ್ಲಿ ಎಲ್ಲಿಯೂ ತಡವರಿಸಲಿಲ್ಲ. ಅಮ್ಮ ಬೆಲ್ಲ ನೀರು ತಂದಿಟ್ಟು ಕಂಬದ ಪಕ್ಕ ನಿಂತಳು.

"ಮಾಷ್ಟ್ರೆ, ಶಾಲಿ ಮೇಲೆ ನಂಗೆಂತ ಬೇಜಾರಿಲ್ಲೆ," ಎಂದಳು. "ಮಗು ಮನೆಲಿ ನೆಗಾಡ್ಕಂಡ್ ಕಲಿತಾ ಇತ್ತ್. ಅದನ್ ನಿಲ್ಸುಕೆ ಮನ್ಸ್ ಬತ್ತಿಲ್ಲೆ."

ಮಾಷ್ಟ್ರು ನೀರು ಕುಡಿದು ಲೋಟ ಕೆಳಗಿಟ್ಟರು. "ಕಲ್ಸುದ್ ನೀವ್ ಕಲ್ಸ್ತ್ರಿ ಅಮ್ಮ, ಅದ್ರಲ್ಲ್ ನಂಗ್ ಅನುಮಾನ ಇಲ್ಲೆ. ಆರೆ ಅದಕ್ಕ್ ಜೊತಿಗ್ ಆಡುಕೆ ಯಾರಿದ್ರ್?"

ಆ ಪ್ರಶ್ನೆ ತನ್ನನ್ನು ಬಹಳ ದಿನ ಕಾಡಿತು ಎಂದು ಅಮ್ಮ ಆಮೇಲೆ ನನಗೆ ಹೇಳಿದ್ದಾಳೆ. ಮಾಷ್ಟ್ರೇ ಹೊರಡುವಾಗ ಒಂದು ದಾರಿ ಹೇಳಿದರು. ಶನಿವಾರ ಅರ್ಧ ದಿನದ ಶಾಲೆ, ಪಾಠ ಕಡಿಮೆ, ಹಾಡು, ಆಟ, ಕಪಾಟಿನ ಪುಸ್ತಕ. ಅವತ್ತು ಮಗುವನ್ನು ಕಳಿಸಿ, ಯಾರಾದರೂ ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಅಂದಿನಿಂದ ಶನಿವಾರ ನಾವಿಬ್ಬರೂ ಕೈ ಹಿಡಿದು ಸಂಕ ದಾಟುತ್ತಿದ್ದೆವು. ಅವಳಿಗೆ ಉಸಿರು ಕಟ್ಟಬಾರದೆಂದು ಗುಡ್ಡದ ಅರ್ಧಕ್ಕೆ ಗೇರುಮರದ ಬುಡದಲ್ಲಿ ಕೂರಿಸುತ್ತಿದ್ದೆ. ಅವಳ ತರಗತಿಯ ಮಕ್ಕಳು ಅವಳನ್ನು ನೆಂಟರ ಹುಡುಗಿಯ ಹಾಗೆ ನೋಡಿಕೊಂಡರು. ಎಲ್ಲರೂ ಮುಂದಿನ ಬೆಂಚಿನಲ್ಲಿ ಜಾಗ ಬಿಡುವವರೇ.

ಒಂದು ವರ್ಷ ಎಂದದ್ದು ಎರಡಾಯಿತು, ಮೂರಾಯಿತು. ನಾನು ಹೈಸ್ಕೂಲು ಸೇರಿದೆ. ಅಲ್ಲಿಗೆ ಬಸ್ಸು ಹಿಡಿಯಬೇಕು, ನಿಂತು ಹೋಗಬೇಕು, ಬಂದರೆ ಹೋಂವರ್ಕು. ನಾನೂ ಮನೆಯಲ್ಲೇ ಓದುತ್ತೇನೆಂದು ಹಠ ಹಿಡಿದೆ. ಅಪ್ಪಯ್ಯ ಆಗದು ಎಂದರು. ಅಮ್ಮ ದಸರಾ ರಜೆ ಮುಗಿದ ಮೇಲೆ ಕೆಲವು ದಿನ ಇದ್ದು ನೋಡಲಿ ಎಂದು ಅವರನ್ನು ಒಪ್ಪಿಸಿದಳು.

ಮನೆಯೊಳಗೆ ಕುಳಿತ ಮೇಲೆ ಗೊತ್ತಾಯಿತು, ನಾನು ಅಂಗಳದಲ್ಲಿ ನಿಂತು ಕೇಳಿದ್ದ ನಗು ದಿನದ ಒಂದು ಚೂರು ಮಾತ್ರ. ಉಳಿದ ಹೊತ್ತು ಅಮ್ಮ ಉತ್ತರ ಹೇಳಿಕೊಡುತ್ತಿರಲಿಲ್ಲ. ಏನು ಕೇಳಿದರೂ ನೀನೇ ಹುಡುಕು ಎನ್ನುತ್ತಿದ್ದಳು. ತಂಗಿಗೆ ಅದು ಅಭ್ಯಾಸ. ಅವಳು ಹೊಟ್ಟೆಯಡಿ ತಲೆದಿಂಬು ಹಾಕಿ ಮಲಗಿ ತಾಸುಗಟ್ಟಲೆ ಹುಡುಕುತ್ತಿದ್ದಳು. ನನಗೆ ಯಾವ ಸಾಲಿಗೆ ಗೆರೆ ಎಳೆಯಬೇಕೆಂದು ಯಾರಾದರೂ ಹೇಳಬೇಕಿತ್ತು. ಶಾಲೆಯ ಗಂಟೆಯ ಸದ್ದು ಬೇಕಿತ್ತು. ಡೆಸ್ಕಿನ ಕೆಳಗೆ ಅಂಬಟೆಕಾಯಿಗೆ ಉಪ್ಪು ಹಚ್ಚಿ ದಾಟಿಸುವ ಗೆಳತಿ ಬೇಕಿತ್ತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಯೂನಿಫಾರ್ಮ್ ಹಾಕಿಕೊಂಡು ಅಡುಗೆಮನೆಗೆ ಹೋದೆ. ಅಮ್ಮ ದೋಸೆ ಹೊಯ್ಯುತ್ತಿದ್ದಳು.

"ಶಾಲಿಗಾ?" ಎಂದಳು.

ಹೌದೆಂದು ತಲೆಯಾಡಿಸಿದೆ.

"ಬಪ್ಪೊತ್ತಿಗೆ ಒಂದ್ ಕಟ್ಟ್ ಹರಿವೆ ಸೊಪ್ಪ್ ತಕಂಡ್ ಬಾ," ಎಂದಳು, ಅಷ್ಟೇ. ಬುತ್ತಿಗೆ ಎರಡು ದೋಸೆ ಹೆಚ್ಚು ಇಟ್ಟಿದ್ದಳು, ಗೆಳತಿಗೂ ಸೇರಿಸಿ.

ತಂಗಿ ಹತ್ತನೇ ತರಗತಿಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿದಳು. ನಾನಾಗ ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಪರೀಕ್ಷಾ ಕೇಂದ್ರವೂ ಅಲ್ಲೇ. ಮೊದಲ ದಿನ ಕನ್ನಡ. ಗುರುತಿಲ್ಲದ ಮಕ್ಕಳ ನಡುವೆ, ಬೆಂಚಿನ ಮೇಲೆ ಅಷ್ಟು ಹೊತ್ತು ಕುಳಿತು ಬರೆದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಗೇಟಿನ ಹೊರಗೆ ಕೊಡೆ ಹಿಡಿದು ನಿಂತೇ ಇದ್ದಳು. ತಂಗಿ ನಗುತ್ತ ಹೊರಬಂದಳು. ಪ್ರಬಂಧಕ್ಕೆ ಸಮುದ್ರದ ವಿಷಯ ಬಂದಿತ್ತಂತೆ, ಮರವಂತೆಯಲ್ಲಿ ರಸ್ತೆಯ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ಇರುವುದನ್ನೆಲ್ಲ ಬರೆದಳಂತೆ. ಹಾಗಾದರೆ ವ್ಯಾಕರಣ ಎಂದು ಕೇಳಿದೆ. ಅದಕ್ಕೆ ಹೊತ್ತು ಸಾಲಲಿಲ್ಲ ಎಂದಳು, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ. ಅಮ್ಮ ಬಸ್ಸಿನಲ್ಲಿ ಕಿಟಕಿಯ ಕಡೆಗೆ ತಿರುಗಿ ಕುಳಿತಳು. ಇಷ್ಟು ವರ್ಷ ಮಾಡಿದ್ದು ತಪ್ಪಾಯಿತೇನೋ ಎಂದು ನನ್ನೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

ಆ ಸಂಜೆ ತಂಗಿಯನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ನೋಡುವುದು, ಅಂಕ ನೋಡಿ ಹೊತ್ತು ಹಂಚುವುದು, ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದು, ಗೊತ್ತಿದ್ದರೂ ಕೇಳಿದಷ್ಟೇ ಬರೆಯುವುದು. ಶಾಲೆಯಲ್ಲಿ ನನಗೆ ಯಾರೂ ಬೇರೆಯಾಗಿ ಕಲಿಸದೆಯೇ ಬಂದಿದ್ದ ವಿದ್ಯೆ ಅದು. ಅವಳಿಗೆ ಕೊನೆಯದೇ ಬಹಳ ಕಷ್ಟವಾಯಿತು.

"ಗೊತ್ತಿಪ್ದನ್ ಅರ್ಧಕ್ಕ್ ಬಿಡೂದ್ ಹ್ಯಾಂಗ್ ಅಕ್ಕ?" ಎಂದು ಕೇಳಿದಳು.

ಬಿಡಬೇಕು, ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ನನಗೆ ಹೇಳು ಎಂದೆ. ಅವಳು ಹಾಗೆಯೇ ಮಾಡಿದಳು. ಪ್ರತಿ ಪರೀಕ್ಷೆಯ ದಿನ ಬಸ್ಸಿನಲ್ಲಿ ನಾವುಂದ ಬರುವ ತನಕ, ಬರೆಯದೆ ಬಿಟ್ಟದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಫಲಿತಾಂಶ ಬಂದಾಗ ಗಣಿತದಲ್ಲಿ ಅಂಚಿನಲ್ಲಿ ದಾಟಿದ್ದಳು, ಕನ್ನಡದಲ್ಲಿ ವ್ಯಾಕರಣ ಬಿಟ್ಟರೂ ಪಾಸಾಗಿದ್ದಳು. ಅಪ್ಪಯ್ಯ ಅಂಗಡಿಗೆ ಬಂದವರಿಗೆಲ್ಲ ಕಲ್ಲುಸಕ್ಕರೆ ಕೊಟ್ಟರು. ಅಮ್ಮ ಹೆಡ್‌ಮಾಷ್ಟ್ರ ಮನೆಗೆ ತಾನೇ ನಡೆದು ಹೋಗಿ ಹೇಳಿ ಬಂದಳು. ಅವರು ಆಗಲೇ ನಿವೃತ್ತರಾಗಿದ್ದರು.

ಪಿಯುಸಿಗೆ ಕಾಲೇಜು ಸೇರಿದ ಮೊದಲ ವಾರ ಅವಳು ಪಾಠದ ನಡುವೆ ಎದ್ದು ನೀರು ಕುಡಿದು ಬರಲು ಹೊರಟಳಂತೆ. ಎಲ್ಲಿಗೆ ಎಂದು ಉಪನ್ಯಾಸಕರು ಕೇಳಿದರೆ, ಬಾಯಾರಿಕೆ ಆಯಿತು, ನೀವು ಮುಂದುವರಿಸಿ ಎಂದಳಂತೆ. ಇಡೀ ತರಗತಿ ನಕ್ಕಿತು. ಮನೆಗೆ ಬಂದು ಅತ್ತಳು. ಅಂಥದ್ದು ಇನ್ನೂ ಕೆಲವು ಆದವು. ವರ್ಷ ಮುಗಿಯುವ ಹೊತ್ತಿಗೆ ಅವಳ ಸುತ್ತ ನನಗಿಂತ ಹೆಚ್ಚು ಗೆಳತಿಯರಿದ್ದರು. ಎದುರಿನವರು ಹೇಳುವುದನ್ನು ಕೊನೆಯ ತನಕ ಕೇಳುವ ಗುಣ ಅವಳದು, ಬಹುಶಃ ಅದಕ್ಕೇ.

ಈಗ ಅವಳು ಬ್ರಹ್ಮಾವರದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಇಂಜೆಕ್ಷನ್ ನಿಂತು ವರ್ಷಗಳಾದವು. ಹೃದಯಕ್ಕೆ ಏನೂ ಆಗಿಲ್ಲ. ಅಜ್ಜಿ ಹೆದರಿದ ಹಾಗೆ ಮದುವೆಗೂ ಕಷ್ಟವಾಗಲಿಲ್ಲ. ಅಜ್ಜಿ ಅದನ್ನು ನೋಡಿಯೇ ಹೋದಳು. ತಂಗಿಯ ಮಗಳಿಗೆ ಮೂರು ತುಂಬಿದಾಗ ಅಮ್ಮ, ಏನೋ ಸಹಜವಾಗಿ ಹೇಳುವವಳಂತೆ, ಮಗುವನ್ನು ಕೆಲವು ವರ್ಷ ನಾವುಂದದಲ್ಲಿ ಬಿಡು, ನಾನೇ ಕಲಿಸುತ್ತೇನೆ ಎಂದಳು. ತಂಗಿ ಆಗಲೇ ಮನೆ ಹತ್ತಿರದ ಶಾಲೆಯಲ್ಲಿ ಸೀಟು ಮಾಡಿದ್ದಳು.

"ಇಲ್ಲೆ ಅಮ್ಮ, ಅದ್ ಶಾಲಿಗ್ ಹೋಯ್ಲಿ," ಎಂದಳು. "ಅದಕ್ಕ್ ಜನ ಅಂದ್ರೆ ಜೀವ."

ಅಮ್ಮನಿಗೆ ಬೇಸರವಾಯಿತೆಂದು ನಮಗಿಬ್ಬರಿಗೂ ಗೊತ್ತಾಯಿತು. ತಂಗಿ ಹತ್ತಿರ ಹೋಗಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ, ಅವಳ ತೋಳಿಗೆ ತಲೆಯಾನಿಸಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, ಶಾಲೆಗೆ ಬೇಸಿಗೆ ರಜೆ ಯಾವಾಗ ಶುರುವಾಗುತ್ತದೆ ಎಂದು ವಿಚಾರಿಸಿದಳು.