ದಾವಲಸಾಬನ ಪತ್ರಾವಳಿ

ದಾವಲಸಾಬ ಮೋಸ ಮಾಡಲಿಲ್ಲ, ರೂಪಾ. ಮೋಸ ಮಾಡಿದಾಕಿ ನಾನು, ನಿನ್ನ ಅಜ್ಜಿ. ಆ ಊಟದ ಪತ್ರಾವಳಿಯ ಎಲೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಇದೆಯೆಂದು ನನಗೆ ಗೊತ್ತಿತ್ತು. ತರುವ ಮೊದಲೇ ಗೊತ್ತಿತ್ತು.

ನಿಮ್ಮಣ್ಣನ ಮದುವೆಗೆ ಪ್ಲಾಸ್ಟಿಕ್ ತಾಟು ಬೇಡವೆಂದು ಹಟ ಹಿಡಿದಿ. ಯುನಿವರ್ಸಿಟಿಯಲ್ಲಿ ಓದುವ ಹುಡುಗಿಯ ಮಾತಿಗೆ ಮನೆಮಂದಿ ನಕ್ಕರು. "ಹಂಗಾರ ಸಾರು ಅಂಗೈಯಾಗ ನೀಡೂಣೇನು?" ಅಂದ ನಿನ್ನ ಕಾಕಾ. ನೀನು ಜಗ್ಗಲಿಲ್ಲ. "ಪರಿಸರ ಅಂದ್ರ ಗಿಡ ಹಚ್ಚಿ ಫೋಟೊ ತೆಗಿಸ್ಕೊಳ್ಳೋದಲ್ಲ ಕಾಕಾ. ಉಂಡ ಎಲಿ ಎಲ್ಲಿ ಹೋಗ್ತದ ಅಂತ ನೋಡೋದು" ಅಂದಿ. ಎಂಜಲೆಲೆಯನ್ನೆಲ್ಲ ಹಿತ್ತಲ ಗುಂಡಿಗೆ ಹಾಕಿ, ಗೊಬ್ಬರ ಮಾಡಿ ತೋರಿಸುತ್ತೇನೆಂದು ಎಲ್ಲರೆದುರು ಮಾತು ಕೊಟ್ಟಿ. ಪತ್ರಾವಳಿ ತರುವುದನ್ನು ನನಗೆ ಬಿಟ್ಟಿ.

ಕಲಘಟಗಿಯ ಅಂಗಡಿಯಲ್ಲಿ ದಾವಲಸಾಬ ಎರಡು ನಮೂನೆ ತೆಗೆದಿಟ್ಟ. "ಇವು ಬರೇ ಮುತ್ತಲ ಎಲೀವು, ಅವ್ವಾರ. ಅವುಕ್ಕ ನಡುವ ಪ್ಲಾಸ್ಟಿಕ್ ಐತ್ರಿ, ಸಾರು ಸೋರೂದಿಲ್ಲ. ಆದ್ರ ಮೊಮ್ಮಗಳು ಗುಂಡಿಗೆ ಹಾಕ್ತಾಳ ಅಂದ್ರ ಬರೇ ಎಲೀವ ಒಯ್ಯಿರಿ." ಇದಕ್ಕಿಂತ ಬಿಚ್ಚಿ ಹೇಗೆ ಹೇಳಬೇಕು?

ನಾನೂ ಪ್ರಾಯದಲ್ಲಿ ಪತ್ರಾವಳಿ ಹಚ್ಚಿದಾಕಿ. ಸಾರು ಸೋರಿ ಸೀರೆ ತೊಯ್ದ ಬೀಗಿತಿ ಏನೇನು ಅಂದಾಡುತ್ತಾಳೆ ಎಂಬುದು ಗೊತ್ತು. ನನ್ನ ಮನೆಯ ಪಂಕ್ತಿಯಲ್ಲಿ ಆ ಮಾತು ಬೇಡವಾಗಿತ್ತು. "ಸೋರದವು ಕೊಡಪಾ" ಅಂದೆ.

ನೀನು ಸವರಿ ನೋಡಿ, "ಇಷ್ಟ್ಯಾಕ ದಪ್ಪ ಅದಾವಜ್ಜಿ?" ಅಂತ ಕೇಳಿದ್ದಿ. "ಎಲಿ ಮ್ಯಾಲ ಎಲಿ ಒತ್ಯಾರ" ಅಂದೆ. ಅದು ಸುಳ್ಳಲ್ಲ — ಸುಳ್ಳೇ.

ಮದುವೆ ಅಗದಿ ಚೆನ್ನಾಗಿ ಆಯಿತು. ಒಂದು ಹನಿ ಸೋರಲಿಲ್ಲ.

ಮಳೆಗಾಲ ಕಳೆದ ಮೇಲೆ ಗುಂಡಿ ತೆಗೆದಿ. ಗೆಳತಿಯರನ್ನೂ ಕರೆದಿದ್ದಿ. ಎಲೆ ಕರಗಿ ಕರೀ ಮಣ್ಣಾಗಿತ್ತು. ಹಾಳೆ ಮಾತ್ರ ಹಂಗೇ ಇದ್ದವು — ದುಂಡಗೆ, ಒಂದರ ಮೇಲೊಂದು, ತೊಳೆದಿಟ್ಟಂತೆ.

"ಏನವಾ, ಗೊಬ್ಬರ ಬಾಳ ಹೊಳೀತೈತಿ!" ಅಂದ ಕಾಕಾ.

ನೀನು ನನ್ನ ಕಡೆ ತಿರುಗಿದಿ. "ಅಜ್ಜಿ, ಅಂವಾ ನಿನಗ ಹೇಳಿರಲಿಲ್ಲೇನು?"

"ಇಲ್ಲವಾ" ಅಂದೆ.

ಆ ಸಿಟ್ಟಿನಲ್ಲಿ ನೀನು ಅವನ ಹೆಸರು ಫೋನಿನಲ್ಲಿ ಹಾಕಿದಿ — ಏನೂ ಅರಿಯದ ಮುದುಕಿಗೆ ಮೋಸ ಮಾಡಿದ ವ್ಯಾಪಾರಿ ಅಂತ. ನಮ್ಮೂರ ಮಂದಿ ಅವನ ಅಂಗಡಿ ಬಿಟ್ಟರು. ಹೋದ ಸಂತೆಯಲ್ಲಿ ಎದುರಾದ. ಬಯ್ಯಲಿಲ್ಲ. "ಅವ್ವಾರ, ನಾ ಹೇಳಿದ್ದು ನಿಮಗ ಕೇಳಿಸಿರಲಿಲ್ಲೇನ್ರಿ?" ಅಂದ. ಬದನೆಕಾಯಿ ಆರಿಸುತ್ತ, ಮುಖ ಎತ್ತದೆ, "ನೆನಪಿಲ್ಲಪಾ" ಅಂದೆ. ಬಯ್ದಿದ್ದರೆ ನಾನೂ ತಿರುಗಿ ಬಯ್ಯಬಹುದಿತ್ತು. ಆ ಮನುಷ್ಯ ಬಯ್ಯಲಿಲ್ಲವಲ್ಲ —

ನಿನ್ನ ಮೇಲೂ ಸಿಟ್ಟು ಬಂದಿತ್ತು. ಇಷ್ಟು ಓದಿದಾಕಿ, ಒಂದು ಪತ್ರಾವಳಿ ಹರಿದು ನೋಡಬಾರದಿತ್ತೇ? ಆಮೇಲೆ ತಿಳಿಯಿತು. ತಂದಾಕಿ ನಾನು ಅಂತಲೇ ನೀನು ಹರಿದು ನೋಡಲಿಲ್ಲ.

ಮೊನ್ನೆ ಕಾಕಾನ ಬಸುರಿ ಮಗಳ ಕುಬಸದ ಊಟಕ್ಕೆ ಥರ್ಮಾಕೋಲ್ ತಾಟು ತಂದಿದ್ದರು. ನೀನು ಏನಾದರೂ ಅನ್ನುತ್ತೀ ಅಂತ ಕಾದೆ. ಸುಮ್ಮನೆ ಕೂತು ಉಂಡೆದ್ದಿ. ಬಾಯಿ ಇದ್ದ ಹುಡುಗಿಯ ಬಾಯಿ ಮುಚ್ಚಿಸಿದ್ದು ಕಾಕಾನ ನಗೆ ಅಲ್ಲ — ನಾನು.

ರವಿವಾರ ಬರುತ್ತೀಯಲ್ಲ, ಇದನ್ನು ಓದು. ಅವನ ಹೆಸರು ಎಲ್ಲೆಲ್ಲಿ ಹಾಕಿದ್ದೀಯೋ ಅಲ್ಲೆಲ್ಲ ಅಳಿಸಿ ನನ್ನ ಹೆಸರು ಹಾಕು. ಕಾಕಾನ ಎದುರು ನಾನೇ ಹೇಳುತ್ತೇನೆ, ನಗಲಿ. ಆಮೇಲೆ ಕಲಘಟಗಿ ಬಸ್ಸು ಹತ್ತುತ್ತೇನೆ. ನೀನು ಜೊತೆಗೆ ಬರಬೇಡ.