ಮುಂದೆ ಗುರಿ, ಹಿಂದೆ ಮ್ವಾಲಿಮು

ಆ ದಿನ ನನ್ನ ಹೆಂಡತಿಯ ಗುರಿಹಾಳೆಯಲ್ಲಿ ಎಷ್ಟು ತೂತುಗಳಿದ್ದವು ಎಂದು ಯಾರಾದರೂ ಕೇಳಿದರೆ ಆಣೆ ಹಾಕಿ ಹೇಳಲಾರೆ. ಏಳು ಎಂದು ನೆನಪು. ಆದರೆ ನನ್ನ ನೆನಪಿನ ಮೇಲೆ ನನಗಿರುವ ವಿಶ್ವಾಸ, ಇಲ್ಲಿ ಜನ ತುಂಬಿದ ಮೇಲಷ್ಟೇ ಹೊರಡುವ ಬಾಡಿಗೆ ವ್ಯಾನು ಮಟಾಟು ಹೇಳಿದ ಹೊತ್ತಿಗೆ ಹೊರಡುತ್ತದೆ ಎಂಬ ವಿಶ್ವಾಸದಷ್ಟೇ. ಮೂವತ್ತು ವರ್ಷ ತತ್ತ್ವಶಾಸ್ತ್ರ ಕಲಿಸಿ ಎಲ್ಲವನ್ನೂ ಸಂಶಯಿಸುವ ಚಟ ಹತ್ತಿಸಿಕೊಂಡವನು ಸ್ವಂತ ತಲೆಯೊಂದಕ್ಕೆ ಮಾತ್ರ ವಿನಾಯಿತಿ ಕೊಡುವುದು ಅನ್ಯಾಯವಲ್ಲವೇ?

ನಾವಿರುವ ಹೈರಿಡ್ಜ್ ಬಡಾವಣೆಯಲ್ಲಿ ನಮ್ಮ ಎದುರು ಮನೆಗೆ ಕಳ್ಳರು ನುಗ್ಗಿದ ಮೇಲೆ ನಮ್ಮಲ್ಲೂ ಪಿಸ್ತೂಲಿನ ಮಾತು ಬಂತು. ನನ್ನ ಹೆಂಡತಿ ಸುಮಿತ್ರ ಮಕ್ಕಳ ಡಾಕ್ಟರು. ಆಸ್ಪತ್ರೆಯಿಂದ ಕರೆ ಬಂದರೆ ಯಾವ ಹೊತ್ತಾದರೂ ಒಬ್ಬಳೇ ಕಾರು ಹತ್ತುವವಳು. ಲೈಸೆನ್ಸಿಗೆ ತರಬೇತಿಯ ಪ್ರಮಾಣಪತ್ರ ಬೇಕು. ಇಬ್ಬರೂ ಕಲಿಯೋಣ, ಪಾಸಾದವರ ಸೊಂಟಕ್ಕೆ ಪಿಸ್ತೂಲು ಎಂದು ಒಪ್ಪಂದವಾಯಿತು. ಅದು ಯಾರ ಸೊಂಟವೆಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಜೀವಮಾನದಲ್ಲಿ ನಾನು ಸಂಶಯಪಡದ ಸಂಗತಿ ಬಹುಶಃ ಅದೊಂದೇ.

ಕಲಿಸಲು ಸಿಕ್ಕವರು ಪೊಲೀಸ್ ಇಲಾಖೆಯಲ್ಲಿ ಹೊಸಬರಿಗೆ ಗುಂಡು ಹೊಡೆಯುವುದನ್ನು ಹೇಳಿಕೊಟ್ಟು ನಿವೃತ್ತರಾದ ಹೆಂಗಸು. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಇಲ್ಲಿಯವರ ಮಾತಿನಲ್ಲಿ ಮೇಷ್ಟ್ರು, ಎನ್ನುತ್ತಿದ್ದರು. ನನ್ನ ವಿದ್ಯಾರ್ಥಿಗಳು ನನ್ನನ್ನು ಕರೆಯುವುದೂ ಹಾಗೆಯೇ ಆದ್ದರಿಂದ, ಯಾರು ಮ್ವಾಲಿಮು ಎಂದರೂ ನಾವಿಬ್ಬರೂ ತಿರುಗುತ್ತಿದ್ದೆವು. ಕೈಯಲ್ಲಿ ಪಿಸ್ತೂಲು ಹಿಡಿದವನು ಹಾಗೆ ತಿರುಗಬಾರದು ಎಂಬುದು ನನ್ನ ಮೊದಲ ಪಾಠವಾಯಿತು.

ತಿಂಗಳುಗಟ್ಟಲೆ ಓದಿ ನಾನೊಂದು ಭಾರೀ ಪಿಸ್ತೂಲನ್ನು ಆರಿಸಿಟ್ಟಿದ್ದೆ. ಹಿಡಿದು ನೋಡಿದರೆ ಬೆರಳು ಟ್ರಿಗರ್‌ವರೆಗೆ ಹೋಗಲೇ ಒಲ್ಲದು. ಪೊಲೀಸರು ಇಲಾಖೆ ಕೊಟ್ಟದ್ದನ್ನು ಹಿಡಿಯಬೇಕು, ನಿಮಗಾದರೋ ಆಯ್ಕೆಯಿದೆ, ಚಪ್ಪಲಿ ಕೊಳ್ಳುವ ಹಾಗೆ ಅಳತೆ ನೋಡಿ ಕೊಳ್ಳಿ ಎಂದರು ಮ್ವಾಲಿಮು. ಸುಮಿತ್ರ ಎರಡನೆಯದಕ್ಕೇ ತನ್ನ ಅಳತೆ ಕಂಡುಕೊಂಡಳು. ಆಮೇಲೆ ನನಗೊಂದು ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟು, ಯಾರಿಗೂ ಕಾಣದಂತೆ ಒಂದು ವಾರ ಮನೆಯಲ್ಲಿ ಧರಿಸಿರಲು ಹೇಳಿದರು. ಮನೆಯಲ್ಲಿ ನಾನು ಪಂಚೆಯವನು. ನಮ್ಮ ಹಿರಿಯರು ಪಂಚೆಯ ಸೊಂಟದಲ್ಲಿ ಎಲೆಅಡಿಕೆ ಚೀಲ, ನಶ್ಯದ ಡಬ್ಬಿ ಎಲ್ಲವನ್ನೂ ಅಡಗಿಸಿಟ್ಟವರು. ಪಿಸ್ತೂಲು ಮಾತ್ರ ಪಂಚೆಯ ಸಾಮರ್ಥ್ಯಕ್ಕೆ ಮೀರಿದ್ದು. ಪೇಪರು ಎತ್ತಿಕೊಳ್ಳಲು ಬಗ್ಗಿದಾಗ ಅದು ಜಾರಿ ಕಾಫಿ ಲೋಟದ ಪಕ್ಕ ಬಿತ್ತು.

"ರೀ, ಕಳ್ಳ ಬಂದ್ರೆ ಮೊದ್ಲು ಪಂಚೆ ಹಿಡ್ಕೊಳ್ಳಿ," ಎಂದಳು ಸುಮಿತ್ರ.

ಪರೀಕ್ಷೆಯ ದಿನ ಅಕ್ಕಪಕ್ಕದಲ್ಲಿ ಎರಡು ಹಾಳೆ, ತಲಾ ಐದು ಗುಂಡು. ಮುಂದೆ ಗುರಿ, ಹಿಂದೆ ಗುರು ಇರಬೇಕೆಂದು ಚಿಕ್ಕಂದಿನಿಂದ ಕೇಳಿದ್ದೆ. ಅದು ಇಷ್ಟು ಅಕ್ಷರಶಃ ಕೂಡಿಬಂದದ್ದು ಆವತ್ತೇ. ಎರಡೂ ಕಣ್ಣು ತೆರೆದಿಡಿ ಎಂದರು ಗುರು. ತೆರೆದೆ, ಒಂದು ಗುರಿ ಎರಡಾಯಿತು. ದ್ವೈತವೋ ಅದ್ವೈತವೋ ಎಂದು ತರಗತಿಯಲ್ಲಿ ಮೂವತ್ತು ವರ್ಷ ಇತ್ಯರ್ಥವಾಗದ ಪ್ರಶ್ನೆಯನ್ನು ಅರೆಕ್ಷಣದಲ್ಲಿ ಇತ್ಯರ್ಥ ಮಾಡಿ ಹೊಡೆದೆ. ನನ್ನ ಹಾಳೆ ಇಸ್ತ್ರಿ ಮಾಡಿಟ್ಟ ಬಟ್ಟೆಯಂತೆ ಶುಭ್ರವಾಗಿ ಉಳಿಯಿತು. ಐದೇ ಗುಂಡು ಹೊಡೆದ ಸುಮಿತ್ರಳ ಹಾಳೆಯಲ್ಲಿ ಏಳು ತೂತು. ನನ್ನ ಇನ್ನುಳಿದ ಮೂರು ಗುಂಡುಗಳನ್ನು ಹಿಂದಿನ ಮಣ್ಣಿನ ದಿಬ್ಬ ದೊಡ್ಡ ಮನಸ್ಸಿನಿಂದ ಸ್ವೀಕರಿಸಿತು.

ಪ್ರಮಾಣಪತ್ರ ಸುಮಿತ್ರಳಿಗೆ ಸಿಕ್ಕಿತು. ನನ್ನ ಮುಖ ನೋಡಿ ಮ್ವಾಲಿಮು ಸಮಾಧಾನ ಹೇಳಿದರು: "ಸಂಶಯ ಬಂದರೆ ಹೊಡೆಯಬಾರದು. ಅದನ್ನು ಕಲಿಸಲು ನನಗೆ ವರ್ಷಗಳು ಬೇಕಾಗುತ್ತವೆ. ನಿಮಗೆ ಅದು ಹುಟ್ಟಿನಿಂದಲೇ ಬಂದಿದೆ." ನನ್ನ ತತ್ತ್ವಶಾಸ್ತ್ರಕ್ಕೆ ಇಷ್ಟು ಉಪಯುಕ್ತವಾದ ಭಾಷ್ಯವನ್ನು ಯಾವ ಪಂಡಿತರೂ ಬರೆದಿರಲಿಲ್ಲ. ಸೋತವನು ಮನೆಯವರೆಗೂ ಹಾಡು ಗುನುಗುತ್ತ ಬಂದೆ.

ಅಂದಿನಿಂದ ನಮ್ಮ ಮನೆಗೆ ಬಂದವರೆಲ್ಲ ಒಂದು ವ್ಯಾಜ್ಯ ಕೇಳಿಯೇ ಹೋಗಬೇಕು. ನಟ್ಟನಡುವಿನ ಕಪ್ಪು ಚುಕ್ಕೆಗೆ ಬಿದ್ದ ಎರಡು ಗುಂಡು ನನ್ನವೆಂದು ನಾನು, ತನ್ನವೆಂದು ಅವಳು. ಕಳೆದ ವಾರ ಏನನ್ನೋ ಹುಡುಕುವಾಗ ಬೀರುವಿನಲ್ಲಿ ಆ ಹಾಳೆಯೇ ಸಿಕ್ಕಿತು. ಕನ್ನಡಕ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಐದು ತೂತುಗಳು ಚುಕ್ಕೆಯ ಸುತ್ತ ನೆರೆದಿವೆ. ಎರಡು, ದಾರಿ ತಪ್ಪಿದ ನೆಂಟರಂತೆ ಮೂಲೆಯಲ್ಲಿ ನಿಂತಿವೆ. ಇಷ್ಟು ದಿನ ಇಬ್ಬರೂ ಜಗಳವಾಡಿದ ಚುಕ್ಕೆಯೊಳಗೆ ಒಂದೂ ಇಲ್ಲ. ಹಾಳೆಯನ್ನು ಮಡಿಸಿ ಇದ್ದಲ್ಲೇ ಇಟ್ಟೆ, ವ್ಯಾಜ್ಯ ಕೆಡಿಸುವ ಮನಸ್ಸಾಗಲಿಲ್ಲ.

ಆದರೆ ಒಟ್ಟು ಏಳು. ಎರಡು ಸಲ ಎಣಿಸಿದ್ದೇನೆ; ಅದೊಂದನ್ನು ಈಗ ಆಣೆ ಹಾಕಿ ಹೇಳಬಲ್ಲೆ.