ಒಟ್ಟಿಗೆ ನುಂಗಿದ ಎರಡು ಮಾತ್ರೆ

ಗೆಳೆಯರೇ, ಇವತ್ತು ದಾವಣಗೆರೆಯ ಡಾಕ್ಟರು ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು. ನನ್ನ ರಕ್ತದ ವರದಿ ಹಾಗಿತ್ತು.

ನನ್ನ ದೇಹ ತನ್ನದೇ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ತಿಳಿದು ದಾಳಿ ಮಾಡುತ್ತದೆ. ಅದಕ್ಕೊಂದು ಮಾತ್ರೆ. ಚಳಿಗಾಲದಿಂದ ಕಬ್ಬಿಣದ್ದೂ ಒಂದು. ವರದಿಯಲ್ಲಿ ವಿಟಮಿನ್‌ಗಳು ಸರಿಯಾಗಿದ್ದವು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ಹೇಳುವ ಫೆರಿಟಿನ್ ಮಾತ್ರ ಏರಿರಲಿಲ್ಲ. ಥೈರಾಯ್ಡ್ ಮೊದಲಿಗಿಂತ ಕೆಟ್ಟಿತ್ತು.

“ಮಾತ್ರೆ ನುಂಗೋದು ಬಿಟ್ಟೀರಿ, ಹೌದಲ್ಲ?” ಎಂದರು.

“ಒಂದಿನಾನೂ ಬಿಟ್ಟಿಲ್ರಿ.”

“ಎಲ್ರೂ ಹಂಗೇ ಅಂತಾರೆ. ಮನೇಲಿ ಯಾರಿಗಾದ್ರೂ ಫೋನ್ ಹಚ್ರಿ, ಅವ್ರನ್ನೇ ಕೇಳ್ತೀನಿ.”

“ಹಚ್ಚಾಕೆ ಯಾರೂ ಇಲ್ರಿ. ನಾನೊಬ್ಬಳೇ.”

ಅವರು ಪೆನ್ನು ಕೆಳಗಿಟ್ಟರು. “ಹೆಂಗೆ ತಗೊಂತೀರಿ, ಹೇಳ್ರಿ.”

“ಎದ್ದ ಕೂಡ್ಲೆ ಎರಡೂ ಒಟ್ಟಿಗೆ, ಚಾ ಜೊತೆ. ಮರೆತ್ರೆ ನೆನಪು ಮಾಡೋರಿಲ್ಲ, ಅದಕ್ಕೆ.”

“ಅಯ್ಯೋ, ಅಲ್ಲೇ ಐತೆ ನೋಡ್ರಿ! ಚಾ ಕಬ್ಬಿಣಾನ ತಡಿತೈತೆ, ಕಬ್ಬಿಣ ಥೈರಾಯ್ಡ್ ಮಾತ್ರೇನ ತಡಿತೈತೆ. ಯಾವ್ದೂ ಮೈಗೆ ಹತ್ತಲ್ಲ. ಥೈರಾಯ್ಡಿಂದು ಖಾಲಿ ಹೊಟ್ಟೇಲಿ, ಬರೀ ನೀರಾಗೆ. ಕಬ್ಬಿಣ ನಾಲ್ಕು ತಾಸು ಬಿಟ್ಟು, ಚಾ ಇಲ್ದೆ. ಒಟ್ಟಿಗೆ ಮಾತ್ರ ಬ್ಯಾಡ.”

ಆಮೇಲೆ ತುಸು ಮೆತ್ತಗಾಗಿ, “ಸುಳ್ಳು ಅಂದಿದ್ದಕ್ಕೆ ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದರು. ಬೇಸರವಾಗಿರಲಿಲ್ಲ. ನನ್ನ ಬೆಳಗು ಹೇಗೆ ಕಳೆಯುತ್ತದೆಂದು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು.

ಹರಿಹರದ ಮನೆಗೆ ಬಂದವಳೇ ಒಂದು ಮಾತ್ರೆ ಡಬ್ಬಿಯನ್ನು ದಿಂಬಿನ ಬಳಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟೆ. ಈ ಮನೆಯಲ್ಲಿ ಜೊತೆಯಾಗಿ ಇದ್ದದ್ದು ಅವೆರಡೇ.